ಈಜುಕೊಳ ರಿಪೇರಿ: ಸೋಲಾರ್ ಮೊದಲಾ, ಸೋರಿಕೆ ಮೊದಲಾ?

ಬೆಳಗಿನ ಬ್ಯಾಚ್: ನಮ್ಮ ವಾರ್ಡಿನ ಸಾರ್ವಜನಿಕ ಈಜುಕೊಳವನ್ನು ನವೀಕರಣಕ್ಕೆ ಮುಚ್ಚುತ್ತಾರೆ. ಛಾವಣಿ ಮೇಲೆ ಸೋಲಾರ್, ನೀರು ಬೆಚ್ಚಗಿಡಲು ಹೀಟ್ ಪಂಪ್, ಎಲ್ಲಾ ಕಡೆ ಎಲ್‌ಇಡಿ ಅಂತ ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಹಾಕಿ, ಸಲಹೆ ಕೇಳಿದ್ದಾರೆ. ಸೋರಿಕೆಯ ಮಾತೇ ಇಲ್ಲ. ದಿನಾ ಬೆಳಗ್ಗೆ ಪೈಪ್ ಬಿಟ್ಟು ನೀರು ತುಂಬಿಸುವುದನ್ನು ನಾವೆಲ್ಲ ನೋಡುತ್ತಿದ್ದೇವೆ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಬಂದಾಗ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು ಅಂತ ಬೆಂಗಳೂರು ಜಲಮಂಡಳಿ ಆದೇಶವನ್ನೇ ಹೊರಡಿಸಿತ್ತು. ಅಂಥ ಬೇಸಿಗೆ ಮತ್ತೆ ಬಂದರೆ?

ಈಜು ಕ್ಲಾಸ್ ಅಮ್ಮ: ಸರ್, ಹೀಟ್ ಪಂಪ್ ಬೇಡ ಅನ್ನಬೇಡಿ. ಡಿಸೆಂಬರ್‌ನಲ್ಲಿ ಬೆಳಗ್ಗೆ ಆರಕ್ಕೆ ನನ್ನ ಮಗಳು ನೀರಿನಿಂದ ಎದ್ದು ಬಂದರೆ ತುಟಿ ನೀಲಿ. ಟವೆಲ್ ಸುತ್ತಿ ಅಪ್ಪಿಕೊಂಡರೂ ಹಲ್ಲು ಕಟಕಟ ಅನ್ನುತ್ತಿರುತ್ತದೆ. ಚಳಿ ಶುರುವಾದರೆ ಎಷ್ಟೋ ಮಕ್ಕಳು ಬರುವುದನ್ನೇ ಬಿಡುತ್ತಾರೆ.

ಪಂಪ್ ಕೆಲಸದವನು: ಮೇಡಂ, ಬೆಚ್ಚಗಿನ ನೀರು ಬೇಕು, ಒಪ್ಪುತ್ತೇನೆ. ಆದರೆ ಕಾಯಿಸಿದ್ದು ಉಳಿಯಬೇಕಲ್ವಾ? ನಮ್ಮದು 25 ಮೀಟರ್ ಉದ್ದ, 12 ಮೀಟರ್ ಅಗಲ. ಆಳ ಸರಾಸರಿ ಒಂದೂವರೆ ಅಂದುಕೊಂಡರೆ ನಾಲ್ಕೂವರೆ ಲಕ್ಷ ಲೀಟರ್. ಅದನ್ನು ಒಂದು ಡಿಗ್ರಿ ಕಾಯಿಸಲು 520 ಯೂನಿಟ್‌ನಷ್ಟು ಶಾಖ ಬೇಕು. ಹೀಟ್ ಪಂಪ್ ಹೊರಗಿನ ಗಾಳಿಯ ಶಾಖವನ್ನೂ ಎಳೆದುಕೊಳ್ಳುವುದರಿಂದ ಕರೆಂಟ್ ಅದರ ಕಾಲು ಭಾಗ ಸಾಕಾಗಬಹುದು. ಈಗ ಇನ್ನೊಂದು ಕಡೆ ನೋಡಿ. ನೀರು ಒಂದೇ ಒಂದು ಮಿಲಿಮೀಟರ್ ಆವಿಯಾದರೆ 300 ಲೀಟರ್ ಹೋಯಿತು. ಅದರ ಜೊತೆ ಸುಮಾರು 200 ಯೂನಿಟ್ ಶಾಖವೂ ಹೋಯಿತು. ರಾತ್ರಿ ಕೊಳದ ಮೇಲೆ ಕವರ್ ಹಾಕಿದರೆ ಎರಡೂ ಉಳಿಯುತ್ತವೆ. ಪಟ್ಟಿಯಲ್ಲಿ ಕವರೇ ಇಲ್ಲ!

ಕೋಚ್: ಕವರ್ ಹೇಳುವುದು ಸುಲಭ. ಬೆಳಗ್ಗೆ ಐದಕ್ಕೆ ಅದನ್ನು ಎಳೆಯುವವರು ಯಾರು? ಅದನ್ನು ಸುತ್ತಿಡುವ ರೋಲರ್ ಇಲ್ಲದಿದ್ದರೆ ಒಂದೇ ತಿಂಗಳಲ್ಲಿ ಮೂಲೆಗೆ ಬೀಳುತ್ತದೆ. ಅರ್ಧ ತೆಗೆದ ಕವರ್ ಕೆಳಗೆ ಮಗು ಸಿಕ್ಕಿಕೊಂಡರೆ ಮೇಲೆ ಬರುವುದಕ್ಕೇ ಆಗಲ್ಲ. ರೋಲರ್ ಜೊತೆಗೆ, ಪೂರ್ತಿ ತೆಗೆಯುವವರೆಗೆ ಗೇಟ್ ತೆರೆಯಬಾರದು ಅನ್ನುವ ನಿಯಮವೂ ಬೇಕು.

ಪಂಪ್ ಕೆಲಸದವನು: ಸರಿ, ನಮ್ಮ ಸಲಹೆಯಲ್ಲಿ ರೋಲರ್ ಸಮೇತ ಬರೆಯೋಣ. ಇನ್ನೊಂದು ವಿಷಯ. ಫಿಲ್ಟರ್ ಪಂಪ್ ಹಗಲು ರಾತ್ರಿ ಒಂದೇ ವೇಗದಲ್ಲಿ ಓಡುತ್ತಿದೆ. ವೇಗ ಬದಲಿಸುವ ಡ್ರೈವ್ ಹಾಕಿ 80 ಪರ್ಸೆಂಟ್‌ಗೆ ಇಳಿಸಿದರೆ ಕರೆಂಟ್ ಹತ್ತಿರಹತ್ತಿರ ಅರ್ಧಕ್ಕೆ ಬರುತ್ತದೆ.

ಕೋಚ್: ನೀರು ಹಸಿರಾದರೆ? ಹಗಲು ಬ್ಯಾಚ್ ಮೇಲೆ ಬ್ಯಾಚ್ ಇರುತ್ತದೆ. ಆಗ ಇಳಿಸಬೇಡಿ.

ಪಂಪ್ ಕೆಲಸದವನು: ಹಗಲು ಬೇಡ ಸರ್. ರಾತ್ರಿ ಯಾರೂ ಇಳಿಯದಾಗ ಮಾತ್ರ. ಕ್ಲೋರಿನ್ ಮಾಮೂಲಿನಂತೆ ನೋಡಿಕೊಳ್ಳಬೇಕು. ಫಿಲ್ಟರ್ ತೊಳೆಯುವಾಗ ಪೂರ್ತಿ ವೇಗ.

ಈಜು ಕ್ಲಾಸ್ ಅಮ್ಮ: ಹಾಗಾದರೆ ಶವರಿಗೆ ಸೋಲಾರ್ ವಾಟರ್ ಹೀಟರನ್ನೂ ಸೇರಿಸಿ. ಅದಕ್ಕಾಗಿ ಪಕ್ಕದ ಮಳೆಮರವನ್ನು ಮಾತ್ರ ದಯವಿಟ್ಟು ಕಡಿಯಬೇಡಿ, ಛಾವಣಿಯ ಇನ್ನೊಂದು ಕಡೆ ಬಿಸಿಲಿದೆ.

ಬೆಳಗಿನ ಬ್ಯಾಚ್: ಸೋಮವಾರ ರಜೆ ಅಲ್ವಾ, ವಾಚ್‌ಮ್ಯಾನ್‌ಗೆ ಹೇಳಿ ಬಕೆಟ್ ಪರೀಕ್ಷೆ ಮಾಡಿದೆ. ಬಕೆಟ್ ತುಂಬಿಸಿ ನೀರಿನೊಳಗಿನ ಮೆಟ್ಟಿಲ ಮೇಲಿಟ್ಟೆ. ಬಕೆಟ್ಟಿನ ಒಳಗಿನ ನೀರಿನ ಮಟ್ಟಕ್ಕೊಂದು, ಹೊರಗೆ ಕೊಳದ ನೀರಿನ ಮಟ್ಟಕ್ಕೊಂದು ಗೆರೆ ಎಳೆದೆ. ಪಂಪ್ ಓಡುತ್ತಿತ್ತು, ನೀರು ತುಂಬಿಸಿರಲಿಲ್ಲ. 24 ಗಂಟೆ ಆದ ಮೇಲೆ ಬಕೆಟ್ಟಿನಲ್ಲಿ 4 ಮಿಲಿಮೀಟರ್ ಇಳಿದಿತ್ತು, ಕೊಳದಲ್ಲಿ 11. ಆವಿ ಎರಡಕ್ಕೂ ಒಂದೇ. ಉಳಿದ 7 ಸೋರಿಕೆ. ದಿನಕ್ಕೆ 2,100 ಲೀಟರ್!

ಪಂಪ್ ಕೆಲಸದವನು: ಇದನ್ನೇ ಮೊದಲು ಬರೆಯಿರಿ. ಮುಂದಿನ ಸೋಮವಾರ ಪಂಪ್ ನಿಲ್ಲಿಸಿ ಇನ್ನೊಮ್ಮೆ ನೋಡೋಣ. ಆಗಲೂ ಅಷ್ಟೇ ಇಳಿದರೆ ತೊಟ್ಟಿಯಲ್ಲಿ ಬಿರುಕಿರಬೇಕು. ಕಡಿಮೆ ಇಳಿದರೆ ಪೈಪ್ ಕಡೆ ಹುಡುಕಬೇಕು. ಹೊಸ ಟೈಲ್ಸ್ ಹಾಕುವ ಮುಂಚೆ ಗೊತ್ತಾಗಲೇಬೇಕು. ನಾನೂ ಬರುತ್ತೇನೆ.