ಶೇ 94ರಷ್ಟು ಮಳೆಯಾದ ವರ್ಷ ಬರ ಬಂದದ್ದು ಹೇಗೆ?

ಅಣ್ಣ (ಮನೆಯವರ ಗುಂಪಿನಲ್ಲಿ ಹಂಚಿಕೊಂಡ ಸಂದೇಶ): “2023ರ ಮುಂಗಾರಿನಲ್ಲಿ ದೇಶಕ್ಕೆ ವಾಡಿಕೆಯ ಶೇ 94ರಷ್ಟು ಮಳೆ ಬಂದಿತ್ತು. ಆದರೂ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಶೇ 6ರ ಕೊರತೆಗೆ ಇಷ್ಟು ದೊಡ್ಡ ಬರವೇ?”

ಅಣ್ಣ: ಬೇರೊಂದು ಗುಂಪಿನಿಂದ ಬಂದ ಈ ಪ್ರಶ್ನೆ ನನಗೆ ನ್ಯಾಯವಾದದ್ದೆಂದೇ ತೋರಿತು. ಪರಿಹಾರದ ಹಣಕ್ಕಾಗಿ ಬರವನ್ನು ಹಿಗ್ಗಿಸಿ ಹೇಳಿರಬಹುದಲ್ಲವೇ?

ನಾನು: ಅಣ್ಣಾ, ಆ ಅಂಕಿ ಸುಳ್ಳಲ್ಲ. ಆದರೆ ಅದು ಇಡೀ ದೇಶದ ನಾಲ್ಕು ತಿಂಗಳ ಮೊತ್ತ. ಬಿಡಿಸಿ ನೋಡಿದರೆ ಜೂನ್‌ನಲ್ಲಿ ಶೇ 91, ಜುಲೈನಲ್ಲಿ ಶೇ 113, ಆಗಸ್ಟ್‌ನಲ್ಲಿ ಶೇ 64, ಸೆಪ್ಟೆಂಬರ್‌ನಲ್ಲಿ ಮತ್ತೆ ಶೇ 113. ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮುಂಗಾರನ್ನು ಕುಗ್ಗಿಸುವ ವಿದ್ಯಮಾನ) ಬಲಗೊಳ್ಳುತ್ತಿದ್ದ ಆ ವರ್ಷದಷ್ಟು ಒಣಗಿದ ಆಗಸ್ಟ್, 1901ರಿಂದ ಈಚೆಗೆ ಅದುವರೆಗಿನ ದಾಖಲೆಯಲ್ಲಿ ಇನ್ನೊಂದಿರಲಿಲ್ಲ. ಎರಡು ತಿಂಗಳ ಹೆಚ್ಚುವರಿ ಮಳೆ ಸರಾಸರಿಯನ್ನು ಮೇಲೆತ್ತಿತೇ ಹೊರತು ಆಗಸ್ಟ್‌ನಲ್ಲಿ ಬಾಡಿದ ಪೈರನ್ನಲ್ಲ.

ಚಿಕ್ಕಪ್ಪ: ಪುನರ್ವಸು, ಪುಷ್ಯ ಮಳೆಯ ಹದಕ್ಕೆ ನಾವು ರಾಗಿ ಬಿತ್ತಿದೆವು. ಪೈರು ತೆಂಡೆ ಒಡೆಯುವ, ಅಂದರೆ ಬುಡದಿಂದ ಮರಿ ಕವಲು ಬಿಡುವ, ಹೊತ್ತಿಗೆ ಸರಿಯಾಗಿ ಆಗಸ್ಟ್‌ನ ಆಶ್ಲೇಷ, ಮಘೆ ಮಳೆಗಳೆರಡೂ ಕೈಕೊಟ್ಟವು. ಆಮೇಲೆ ಮಳೆ ಬಂದಾಗ ಹೊಲ ಹಸಿರಾದದ್ದು ನಿಜ. ರಸ್ತೆಯಲ್ಲಿ ಹೋಗುವವರಿಗೆ ಬೆಳೆ ಚೆನ್ನಾಗಿದೆ ಎಂದೇ ಕಾಣುತ್ತಿತ್ತು. ಆದರೆ ಹತ್ತು ತೆನೆ ಇರಬೇಕಾದ ಕಡೆ ಎರಡು ತೆನೆಯೂ ಇರಲಿಲ್ಲ. ರಾಗಿಯ ನಡುವೆ ಬಿತ್ತುವ ಅಕ್ಕಡಿ ಸಾಲಿನ ಅವರೆ, ತೊಗರಿ ಆಳಕ್ಕೆ ಬೇರು ಬಿಟ್ಟಿದ್ದರಿಂದ ಅಷ್ಟಿಷ್ಟು ಕೈಗೆ ಬಂದವು. ರಾಗಿ ಹುಲ್ಲು ಸಾಲದೆ ಎರಡು ಹಸುಗಳನ್ನು ಮಾರಿದೆ.

ಅಣ್ಣ: ಹಸುಗಳನ್ನು ಮಾರಿದ ಸಂಗತಿ ನನಗೆ ತಿಳಿದಿರಲಿಲ್ಲ, ಚಿಕ್ಕಪ್ಪ. ನಿಮ್ಮ ನಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ 2023–24ರಲ್ಲಿ ದೇಶದ ಆಹಾರಧಾನ್ಯ ಉತ್ಪಾದನೆ ಸುಮಾರು 33.2 ಕೋಟಿ ಟನ್ ಮುಟ್ಟಿ ಅಲ್ಲಿಯವರೆಗಿನ ದಾಖಲೆಯನ್ನು ಮುರಿಯಿತು. ಹಾಗಿರುವಾಗ ಆ ಬರದಿಂದ ಆಹಾರ ಭದ್ರತೆಗೆ ಧಕ್ಕೆಯಾಯಿತು ಎಂದು ಕೆಲವರು ಹೇಳುವ ಮಾತನ್ನು ಒಪ್ಪುವುದು ಹೇಗೆ?

ನಾನು: ಆ ದಾಖಲೆಯ ಮುಕ್ಕಾಲು ಭಾಗ ಅಕ್ಕಿ ಮತ್ತು ಗೋಧಿ. ಗೋಧಿ ಚಳಿಗಾಲದ ಬೆಳೆ. ಪಂಜಾಬ್, ಹರಿಯಾಣದ ಭತ್ತಕ್ಕೆ ಕಾಲುವೆ, ಕೊಳವೆಬಾವಿಗಳ ಆಸರೆಯಿದೆ. ಚಿಕ್ಕಪ್ಪನ ಖುಷ್ಕಿ ಹೊಲಕ್ಕೆ ಆ ಆಸರೆ ಇಲ್ಲ. ವರ್ಷಕ್ಕಾಗುವಷ್ಟು ರಾಗಿಯನ್ನು ಮನೆಯಲ್ಲೇ ತುಂಬಿಟ್ಟುಕೊಳ್ಳುತ್ತಿದ್ದ ಕುಟುಂಬ, ಬೆಳೆ ಹೋದ ವರ್ಷ, ಕೈಯಲ್ಲಿ ಹಣವೂ ಇಲ್ಲದ ಹೊತ್ತಿನಲ್ಲಿ, ಅಂಗಡಿಯಿಂದ ಕೊಳ್ಳಬೇಕಾಗುತ್ತದೆ. ದೇಶದ ದಾಸ್ತಾನಿನ ಬಗ್ಗೆ ಸರ್ಕಾರಕ್ಕೂ ಧೈರ್ಯವಿರಲಿಲ್ಲ ಎಂಬುದನ್ನು ನೆನಪಿಸಿಕೊ: 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಲಾಯಿತು. ಅದಕ್ಕೂ ಮೊದಲೇ ಕೇಂದ್ರ ತನ್ನ ದಾಸ್ತಾನಿನಿಂದ ರಾಜ್ಯಗಳಿಗೆ ಮುಕ್ತ ಮಾರುಕಟ್ಟೆ ಯೋಜನೆಯಡಿ ಅಕ್ಕಿ ಮಾರುವುದನ್ನು ನಿಲ್ಲಿಸಿದ್ದರಿಂದ ಅನ್ನಭಾಗ್ಯದ ತಲಾ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ನಮ್ಮ ರಾಜ್ಯ ಕಿಲೋಗೆ 34 ರೂಪಾಯಿಯಂತೆ ಹಣ ಕೊಟ್ಟಿತು. ಆ ಹಣಕ್ಕೆ ಅಂಗಡಿಯಲ್ಲಿ ಎಷ್ಟು ಅಕ್ಕಿ ಸಿಕ್ಕಿತೆಂದು ಅತ್ತಿಗೆಯನ್ನೇ ಕೇಳು.

ಅತ್ತಿಗೆ: ಐದು ಕಿಲೋ ಸಿಗಲಿಲ್ಲ. ನಮ್ಮ ಮನೆಗೆಲಸದಾಕೆಗೂ ಸಿಗಲಿಲ್ಲ, ಅವರದು ಆರು ಜನರ ಕುಟುಂಬ.

ಅಣ್ಣ: ಸರಿ. ಆದರೆ ಘೋಷಣೆಯ ಪ್ರಶ್ನೆ ಹಾಗೆಯೇ ಉಳಿಯಿತು.

ನಾನು: ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿ ಋತುವಿನ ಒಟ್ಟು ಮಳೆಯೊಂದನ್ನೇ ನೋಡುವುದಿಲ್ಲ. ನಡುವೆ ಸತತವಾಗಿ ಎಷ್ಟು ವಾರ ಮಳೆ ಇರಲಿಲ್ಲ, ಬಿತ್ತನೆ ಎಷ್ಟಾಯಿತು, ಮಣ್ಣಿನ ತೇವ ಎಷ್ಟಿದೆ, ಉಪಗ್ರಹದ ಚಿತ್ರದಲ್ಲಿ ಹಸಿರು ಹೇಗಿದೆ ಎಂಬುದನ್ನೆಲ್ಲ ಪರಿಶೀಲಿಸಿ, ಹಳ್ಳಿಗಳಿಗೆ ಹೋಗಿ ಬೆಳೆ ನೋಡಿದ ಮೇಲೆಯೇ ಘೋಷಣೆ. ನಿನ್ನ ಅನುಮಾನದಲ್ಲಿ ಒಂದು ಹುರುಳಿದೆ, ಅದನ್ನು ಒಪ್ಪುತ್ತೇನೆ. ತಾಲ್ಲೂಕಿನ ಲೆಕ್ಕವೂ ಒಂದು ಸರಾಸರಿಯೇ. ಒಂದು ಹೋಬಳಿಗೆ ಬಿದ್ದ ಮಳೆ ಪಕ್ಕದ ಹೋಬಳಿಗೆ ಬೀಳದಿರಬಹುದು.

ಅಣ್ಣ: ತಿಂಗಳವಾರು ಅಂಕಿಗಳನ್ನು ಆ ಗುಂಪಿಗೂ ಕಳುಹಿಸುತ್ತೇನೆ. ಚಿಕ್ಕಪ್ಪ, ಈ ವರ್ಷದ ಬಿತ್ತನೆಗೆ ಏನು ಯೋಚಿಸಿದ್ದೀರಿ?

ಚಿಕ್ಕಪ್ಪ: ಹದ ಬೇಗ ಸಿಕ್ಕಿದರೆ ದೀರ್ಘಾವಧಿಯ ರಾಗಿ ತಳಿ ಎಂಆರ್-6 ಹಾಕುತ್ತೇನೆ. ಜುಲೈ ದಾಟಿದರೆ ಅಲ್ಪಾವಧಿಯ ಜಿಪಿಯು-48. ಎರಡೂ ಬೀಜವನ್ನು ತಂದಿಟ್ಟಿದ್ದೇನೆ. ಅಕ್ಕಡಿ ಸಾಲನ್ನಂತೂ ಈ ಸಲವೂ ಬಿಡುವುದಿಲ್ಲ.