ಪ್ರಶ್ನೋತ್ತರ: ಹೈಸ್ಕೂಲಲ್ಲೇ ಕಾಲೇಜ್ ಕ್ರೆಡಿಟ್, ಪಾಠ ಗಟ್ಟಿಯಿದೆಯಾ?

ಅಡ್ಮಿನ್: ಅಮೆರಿಕದ ನಮ್ಮ ಪೋಷಕರ ಗುಂಪಿಗೆ ಇವತ್ತು ವಸುಧಾ ಮೇಡಂ ಬಂದಿದ್ದಾರೆ. ಕಮ್ಯೂನಿಟಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಾರೆ. ಹೈಸ್ಕೂಲುಗಳಲ್ಲಿ ನಡೆಯುವ ಡ್ಯುಯಲ್ ಎನ್‌ರೋಲ್‌ಮೆಂಟ್, ಅಂದರೆ ಹೈಸ್ಕೂಲಿಗೂ ಕಾಲೇಜಿಗೂ ಒಟ್ಟಿಗೇ ಲೆಕ್ಕಕ್ಕೆ ಬರುವ ಡಿಇ ಕ್ಲಾಸುಗಳನ್ನು ಕಾಲೇಜಿನ ಪರವಾಗಿ ಹೋಗಿ ನೋಡುವವರೂ ಅವರೇ. ಕೇಳಿ.

ಸುಮಾ, ಡಲ್ಲಾಸ್: ನಮಸ್ತೆ ಮೇಡಂ. ಎಪಿ ಒಳ್ಳೇದಾ, ಡಿಇ ಒಳ್ಳೇದಾ?

ವಸುಧಾ: ನಮಸ್ತೆ. ಎಪಿ ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಲ್ಲಿ ಓದುವ ಕಾಲೇಜ್ ಮಟ್ಟದ ಕೋರ್ಸ್. ಅದಕ್ಕೆ ಮೇ ತಿಂಗಳಲ್ಲಿ ಪರೀಕ್ಷೆ ಇದೆ. ಹೊರಗಿನವರು ತಿದ್ದಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಡಿಇಯಲ್ಲಿ ಸಾಮಾನ್ಯವಾಗಿ ಪಾಠ ಮಾಡಿದವರೇ ಗ್ರೇಡ್ ಕೊಡುತ್ತಾರೆ. ಹಾಗಾಗಿ ಕೋರ್ಸಿನ ಹೆಸರು ನೋಡಿ ಏನೂ ಹೇಳಲಾಗದು. ಯಾರು ಕಲಿಸುತ್ತಾರೆ, ಫೈನಲ್ ಪೇಪರ್ ಯಾರದು, ಕಾಲೇಜಿನವರು ಬಂದು ನೋಡುತ್ತಾರಾ ಅಂತ ವಿಚಾರಿಸಿ.

ರಘು, ಫೀನಿಕ್ಸ್: ಇದು ನಿಜವಾ ಮೇಡಂ? ಫಾರ್ವರ್ಡ್ ಬಂದಿದೆ. "ಹೈಸ್ಕೂಲಲ್ಲೇ 60 ಕ್ರೆಡಿಟ್ ಮುಗಿಸಿ, ಯಾವ ಯೂನಿವರ್ಸಿಟಿಗಾದರೂ ನೇರ ಮೂರನೇ ವರ್ಷ ಸೇರಿ!"

ವಸುಧಾ: "ಯಾವ ಯೂನಿವರ್ಸಿಟಿಗಾದರೂ" ಅನ್ನುವುದು ಸುಳ್ಳು. ನಿಮ್ಮದೇ ರಾಜ್ಯದ ಸರ್ಕಾರಿ ಯೂನಿವರ್ಸಿಟಿಯಲ್ಲಿ ಹೆಚ್ಚಾಗಿ ನಡೆಯುತ್ತದೆ. ಎಷ್ಟೋ ಪ್ರೈವೇಟ್ ಕಾಲೇಜುಗಳು ಹೈಸ್ಕೂಲಲ್ಲಿ ಕೂತು ಕಲಿತದ್ದಕ್ಕೆ ಕ್ರೆಡಿಟ್ ಕೊಡಲ್ಲ.

ಮಂಜುಳಾ, ಓಹಾಯೊ: ಮೇಡಂ, ಮಗ 11ನೇ ಕ್ಲಾಸು. ಇಲ್ಲಿನ ಡಿಇ ಯೋಜನೆ ಕಾಲೇಜ್ ಕ್ರೆಡಿಟ್ ಪ್ಲಸ್‌ನಲ್ಲಿ ಸ್ಕೂಲಲ್ಲೇ ಕ್ಯಾಲ್ಕುಲಸ್ 1. ಮೇಷ್ಟ್ರು ನಡುವೆ ಬಿಟ್ಟು ಹೋದರು. ಈಗ ಸಬ್‌ಸ್ಟಿಟ್ಯೂಟ್ ವಿಡಿಯೊ ಹಾಕಿ ಕೂರುತ್ತಾರೆ. ಎ ಬರುವವರೆಗೂ ಟೆಸ್ಟ್ ಮತ್ತೆ ಬರೆಯಬಹುದು. ಕ್ಲಾಸಿಗೆ ಕ್ಲಾಸೇ ಎ! ಮೊನ್ನೆ ಇವನ ಅಪ್ಪ ಎಕ್ಸ್ ಸ್ಕ್ವೇರ್ ಇಂಟು ಸೈನ್ ಎಕ್ಸ್ ಡಿರೈವೇಟಿವ್ ಕೇಳಿದರೆ, ಟೂ ಎಕ್ಸ್ ಕಾಸ್ ಎಕ್ಸ್ ಅಂದ. ಕೌನ್ಸೆಲರ್ ಕ್ಯಾಲ್ಕುಲಸ್ 2 ತಗೊಳ್ಳಿ ಅಂತಿದ್ದಾರೆ. ಅವನಿಗೆ ಡಾಕ್ಟರ್ ಆಗಬೇಕು.

ವಸುಧಾ: ಮಂಜುಳಾ ಅವರೇ, ಆ ಉತ್ತರ ನೋಡಿ ನನಗೆ ಚಿಂತೆ ಆಯಿತು. ಎರಡನ್ನೂ ಬೇರೆ ಬೇರೆ ಡಿಫರೆನ್ಷಿಯೇಟ್ ಮಾಡಿ ಗುಣಿಸಿದ್ದಾನೆ. ಗುಣಲಬ್ಧದ ಡಿರೈವೇಟಿವ್ ತೆಗೆಯುವ ಪ್ರಾಡಕ್ಟ್ ರೂಲೇ ತಲೆಗೆ ಹೋಗಿಲ್ಲ. ಕ್ಯಾಲ್ಕುಲಸ್ 2ರ ಇಂಟಿಗ್ರೇಷನ್ ಬೈ ಪಾರ್ಟ್ಸ್ ನಿಂತಿರುವುದೇ ಅದರ ಮೇಲೆ. ಹುಡುಗನನ್ನು ಬೈಯಬೇಡಿ.

ಸ್ಕೂಲಿಗಲ್ಲ, ಕಾಲೇಜಿಗೆ ಇಮೇಲ್ ಹಾಕಿ. ಈ ಸಬ್‌ಸ್ಟಿಟ್ಯೂಟ್‌ಗೆ ಕಾಲೇಜಿನ ಒಪ್ಪಿಗೆ ಇದೆಯಾ ಅಂತ ಕೇಳಿ. ನಿಮ್ಮ ಕಡೆ ಇದನ್ನು ಕಲಿಸುವವರಿಗೆ ಸಾಮಾನ್ಯವಾಗಿ ಗಣಿತದಲ್ಲೇ ಮಾಸ್ಟರ್ಸ್ ಬೇಕು, ಇಲ್ಲವೇ ಬೇರೆ ಮಾಸ್ಟರ್ಸ್ ಜೊತೆ ಗಣಿತದಲ್ಲಿ 18 ಗ್ರಾಜುಯೇಟ್ ಕ್ರೆಡಿಟ್. ಗಣಿತ ವಿಭಾಗದವರು ಕ್ಲಾಸಿಗೆ ಕೊನೆಯ ಸಲ ಬಂದದ್ದು ಯಾವಾಗ? ಕ್ಯಾಂಪಸ್ಸಿನ ಫೈನಲ್ಲೇ ಇಲ್ಲೂ ಕೊಡುತ್ತಾರಾ? ಡಿಇ ಕಾರ್ಯಕ್ರಮಗಳ ಗುಣಮಟ್ಟ ನೋಡುವ ಸಂಸ್ಥೆ 'ನೇಸೆಪ್'ನ ಮಾನ್ಯತೆ ಇದ್ದರೆ ಇಂಥವು ನಿಯಮದಲ್ಲೇ ಇರುತ್ತವೆ. ಇಲ್ಲದ್ದೆಲ್ಲ ಕೆಟ್ಟದ್ದು ಅಂತಲ್ಲ.

ಕ್ಯಾಂಪಸ್ಸಿನ ಹಳೇ ಫೈನಲ್ ಪೇಪರ್ ಸಿಕ್ಕರೆ ಮನೆಯಲ್ಲಿ ಫೋನ್ ತೆಗೆದಿಟ್ಟು, ಒಂದೇ ಸಲಕ್ಕೆ ಬರೆಸಿ. ಇನ್ನೊಂದು ವಿಷಯ. ಮೆಡಿಕಲ್ ಕಾಲೇಜುಗಳಿಗೆ ಹಾಕುವ ಅರ್ಜಿಯಲ್ಲಿ, ಅಂದರೆ ಆಮ್‌ಕಾಸ್‌ನಲ್ಲಿ, ಹೈಸ್ಕೂಲಲ್ಲಿ ಓದಿದ ಕಾಲೇಜ್ ಕೋರ್ಸಿನ ಗ್ರೇಡೂ ಜಿಪಿಎಗೆ, ಅಂದರೆ ಒಟ್ಟು ಗ್ರೇಡಿನ ಸರಾಸರಿಗೆ ಸೇರುತ್ತದೆ. ಕ್ಯಾಲ್ಕುಲಸ್ 2ರಲ್ಲಿ ಸಿ ಬಂದರೆ ಅದು ಅಳಿಸಿ ಹೋಗಲ್ಲ. ನಾನಾದರೆ ಈಗ ತಗೊಳ್ಳಲು ಬಿಡಲ್ಲ.

ಪ್ರಕಾಶ್, ಸ್ಯಾನ್ ಹೊಸೆ: ಅದಕ್ಕೇ ನಾನು ಹೇಳೋದು, ಡಿಇ ಅಂದ್ರೆ ಸುಲಭದ ದಾರಿ.

ರಘು: ಸಿರಕ್ಯೂಸ್ ಯೂನಿವರ್ಸಿಟಿ 1970ರ ದಶಕದಿಂದ ಹೈಸ್ಕೂಲುಗಳಲ್ಲಿ ತನ್ನ ಕೋರ್ಸ್ ನಡೆಸ್ತಿದೆ. ಅದೂ ಸುಲಭವಾ?

ಪ್ರಕಾಶ್: ಒಂದು ಹೆಸರು ಹಿಡ್ಕೊಂಡು ಎಲ್ಲವನ್ನೂ ಸಮರ್ಥಿಸಬೇಡಿ.

ರಘು: ನಿಮ್ಮ ಮಗಳಿಗೆ ಎಪಿಯಲ್ಲಿ 5 ಬಂದಿದೆ, ಗೊತ್ತು ಬಿಡಿ ಸರ್. ಇಡೀ ಗುಂಪಿಗೆ ಗೊತ್ತು.

ಗೀತಾ, ಷಾರ್ಲಟ್: ಮೇಡಂ, ಎಪಿ ಒಳ್ಳೇದಾ ಡಿಇ ಒಳ್ಳೇದಾ?

ವಸುಧಾ: ಮೇಲಿದೆ.

ನವೀನ್, ಅಟ್ಲಾಂಟಾ: ಮುಂದಿನ ವರ್ಷ ಬೆಂಗಳೂರಿಗೆ ವಾಪಸ್. ಈ ಕ್ರೆಡಿಟ್ ಪಿಯುಸಿಗೆ ಲೆಕ್ಕಕ್ಕೆ ಬರುತ್ತಾ?

ಶೈಲಾ, ಟ್ಯಾಂಪಾ: ಫಾರ್ವರ್ಡೆಡ್: "ಡಿಇ ಗ್ರೇಡ್ ಕಮ್ಮಿ ಬಂದರೆ ಆ ಟ್ರಾನ್ಸ್‌ಕ್ರಿಪ್ಟ್ ಕಳಿಸಬೇಡಿ. ಯಾರಿಗೂ ಗೊತ್ತಾಗಲ್ಲ 👍"

ವಸುಧಾ: ಇದನ್ನು ಯಾರೂ ಮಾಡಬೇಡಿ. ಬೇರೆ ಕಾಲೇಜಲ್ಲಿ ಓದಿದ್ದೆಲ್ಲ ತೋರಿಸಬೇಕು ಅಂತ ಅರ್ಜಿಗಳಲ್ಲೇ ಕೇಳುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸೀಟೇ ಹೋಗಬಹುದು. ಶೈಲಾ ಅವರೇ, ಕಳಿಸುವ ಮುಂಚೆ ನೀವಾದರೂ ಒಮ್ಮೆ ಓದಿದ್ರಾ?

ಶೈಲಾ: ಸುಮ್ನೆ ಹಂಚಿಕೊಂಡೆ ಅಷ್ಟೇ. ಇಷ್ಟು ಸಿಟ್ಟು ಯಾಕೆ?

ಪ್ರಕಾಶ್: ಮೇಡಂ ಹೇಳಿದ್ದು ಸರಿ. ಡಿಇಯವರ ಕಥೆಯೇ ಇಷ್ಟು.

ರಘು: ಮತ್ತೆ ಶುರು.

ಅಡ್ಮಿನ್: ಇಬ್ಬರೂ ಬೇಕಾದರೆ ಪರ್ಸನಲ್ ಆಗಿ ಜಗಳ ಆಡಿ.

ಮಂಜುಳಾ: ಮೇಡಂ, ಕಾಲೇಜಿಂದ ಈಗಷ್ಟೇ ಉತ್ತರ ಬಂತು. ಮೇಷ್ಟ್ರು ಬದಲಾಗಿದ್ದೇ ಅವರಿಗೆ ಗೊತ್ತಿಲ್ಲವಂತೆ!

ವಸುಧಾ: ನನಗೂ ಅದೇ ಅನುಮಾನ ಇತ್ತು. ಆ ಇಮೇಲ್ ಜೋಪಾನವಾಗಿಡಿ. ಗಣಿತ ವಿಭಾಗದ ಮುಖ್ಯಸ್ಥರನ್ನೂ ಸೇರಿಸಿ ಮರು ಉತ್ತರ ಬರೆಯಿರಿ. ಫೈನಲ್ ಪೇಪರ್ ಯಾರು ತೆಗೆಯುತ್ತಾರೆ ಅಂತ ಅದರಲ್ಲೇ ಕೇಳಿ.