ರೊಟ್ಟಿ ಕೇಂದ್ರದಿಂದ ಅವರನ್ನು ಬಿಡಿಸಬೇಕಾ?

ರೊಟ್ಟಿಮನೆ ಅಕ್ಕ, ಕಲಬುರಗಿ
ನಮ್ಮದು ಹೆಣ್ಣುಮಕ್ಕಳ ಸಂಘ. ಕಟಿ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕೊಡುತ್ತೇವೆ. ನಮ್ಮಲ್ಲಿ ಒಬ್ಬರಿಗೆ ಎಚ್‌ಐವಿ ಇದೆ ಅಂತ ಯಾರೋ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದಾರೆ. ಒಂದು ಖಾನಾವಳಿಯವರು ಆರ್ಡರ್ ನಿಲ್ಲಿಸಿದರು. ಸಂಘದಲ್ಲಿ ಅರ್ಧ ಜನ ಅವರು ಬರೋದು ಬೇಡ ಅಂತಾರೆ. ಅವರೂ ಬರೋದು ಬಿಟ್ಟಿದ್ದಾರೆ, ಫೋನ್ ಎತ್ತುತ್ತಿಲ್ಲ. ಇದು ಅನ್ಯಾಯ ಅಂತ ನನಗೆ ಅನಿಸುತ್ತೆ. ಆದರೆ ಸಭೆಯಲ್ಲಿ ಏನು ಹೇಳಿ ಒಪ್ಪಿಸಲಿ?

ಶಹಾಬಾದ್ ಕಾಕಾ
ತಂಗಿ, ಬೇಜಾರು ಮಾಡ್ಕೋಬೇಡ. ಕೈ ಕೊಯ್ದು ಹಿಟ್ಟಿಗೆ ರಕ್ತ ಬಿದ್ದರೆ ಏನು ಗತಿ? ತಿನ್ನೋರಲ್ಲಿ ಸಣ್ಣ ಮಕ್ಕಳೂ ಇರ್ತಾರೆ. ಗಿರಾಕಿಗೆ ತಿಳಿಸದೇ ಮಾರೋದು ನನಗೆ ಸರಿ ಕಾಣಲ್ಲ.

ಸಮಾಲೋಚಕಿ, ಯಾದಗಿರಿ
ಕಾಕಾ, ಎಚ್‌ಐವಿ ಊಟದಿಂದ ಬರಲ್ಲ. ಸುರಕ್ಷತೆ ಇಲ್ಲದ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ, ಒಬ್ಬರು ಚುಚ್ಚಿಕೊಂಡ ಸೂಜಿಯನ್ನೇ ಇನ್ನೊಬ್ಬರು ಬಳಸೋದು, ಬಸುರಿ ಬಾಣಂತಿಯಿಂದ ಮಗುವಿಗೆ, ಇಷ್ಟೇ ದಾರಿ. ಮೈಯಿಂದ ಹೊರಗೆ ಬಂದ ವೈರಸ್ ಬೇಗ ಸಾಯುತ್ತೆ. ಅದರಲ್ಲೂ ರೊಟ್ಟಿ ಹೇಗೆ ಆಗುತ್ತೆ ನೋಡಿ. ಕುದಿಯೋ ನೀರು ಹಾಕಿ ಹಿಟ್ಟು ನಾದ್ತೀವಿ, ಬಡೀತೀವಿ, ಕಾದ ಹಂಚಿನ ಮೇಲೆ ಎರಡೂ ಕಡೆ ಬೇಯಿಸ್ತೀವಿ, ಆಮೇಲೆ ಖಡಕ್ ಆಗೋವರೆಗೆ ಸುಡ್ತೀವಿ. ಕೈ ಕೊಯ್ದವರು ಯಾರೇ ಆಗಿರಲಿ, ಹಿಟ್ಟು ಮುಟ್ಟಬಾರದು, ಪಟ್ಟಿ ಕಟ್ಟಿಕೊಂಡು ಬೇರೆ ಕೆಲಸ ಮಾಡಬೇಕು. ಅದು ಎಲ್ಲರಿಗೂ ಒಂದೇ ನಿಯಮ ಅಲ್ವಾ?

ಇನ್ನೊಂದು ಮಾತು. ದಿನಾ ತಪ್ಪದೇ ಗುಳಿಗೆ ತಗೊಂಡು, ಪರೀಕ್ಷೆಯಲ್ಲಿ ವೈರಸ್ ಕಾಣದಷ್ಟು ಕಡಿಮೆ ಆಗಿ, ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದಲೂ ಅದು ಹರಡಲ್ಲ. ಗಂಡ ಹೆಂಡತಿ ನಡುವೆಯೇ ಹರಡಲ್ಲ ಅಂದ್ಮೇಲೆ ರೊಟ್ಟಿಗೆ ಹೆದರೋದು ಯಾಕೆ?

ಸೇಡಂ ತೊಗರಿ
ಎಲ್ಲಾ ಸರಿ ಮೇಡಂ. ಆದರೆ ಗಿರಾಕಿಗೆ ಇದೆಲ್ಲ ಯಾರು ಹೇಳ್ತಾರೆ? ಇನ್ನೂ ನಾಲ್ಕು ಆರ್ಡರ್ ಹೋದರೆ ಉಳಿದ ಹೆಣ್ಣುಮಕ್ಕಳ ಹೊಟ್ಟೆ ಪಾಡೇನು? ಅವರನ್ನ ಬಿಡಿಸೋದು ಬೇಡ. ಸ್ವಲ್ಪ ದಿನ ಪ್ಯಾಕಿಂಗ್‌ಗೋ ಲೆಕ್ಕ ಬರೆಯೋಕೋ ಕೂರಿಸಿ. ಪಗಾರ ಅಷ್ಟೇ ಕೊಡಿ.

ಯಾವ ಕೇಂದ್ರ ಅಂತ ಹೇಳ್ರಿ
[ಈ ಕಾಮೆಂಟ್ ತೆಗೆಯಲಾಗಿದೆ]

ನಿರ್ವಾಹಕರು
ಕೇಂದ್ರ ಯಾವುದು, ಅವರು ಯಾರು ಅಂತ ಯಾರೂ ಕೇಳಬೇಡಿ. ಓಣಿ ಹೆಸರೂ ಬೇಡ. ಇನ್ನೊಮ್ಮೆ ಕೇಳಿದವರನ್ನು ಗುಂಪಿನಿಂದ ತೆಗೆಯುತ್ತೇವೆ.

ಬೀದರಿನವಳು
ನನಗೂ ಎಚ್‌ಐವಿ ಇದೆ. ಇಲ್ಲಿ ನನ್ನ ಹೆಸರಿಲ್ಲ, ಅದಕ್ಕೇ ಬರೀತಿದ್ದೇನೆ.

ಸೇಡಂ ಅಣ್ಣ, ನೀವು ಒಳ್ಳೆ ಮನಸ್ಸಿನಿಂದಲೇ ಹೇಳಿದ್ದೀರಿ. ಆದರೆ ರೊಟ್ಟಿ ಬಡಿಯೋ ಕೈಯನ್ನ ಲೆಕ್ಕದ ಪುಸ್ತಕಕ್ಕೆ ಕಳಿಸಿದರೆ ಓಣಿಗೆ ಏನು ಅರ್ಥ ಆಗುತ್ತೆ? "ನೋಡು, ಸಂಘದವರೇ ಒಪ್ಪಿಕೊಂಡರು" ಅಂತ. ನನ್ನ ಅತ್ತೆ ಮನೆಯಲ್ಲೂ ಹೀಗೇ ಶುರುವಾಯ್ತು. ಮೊದಲು ನನ್ನ ಚಹಾ ಕಪ್ಪು ಬೇರೆ ಆಯ್ತು. ಯಾರೂ ಬೈಯಲಿಲ್ಲ, ಕಪ್ಪಿನ ಹಿಡಿಗೆ ಒಂದು ಕೆಂಪು ದಾರ ಕಟ್ಟಿದರು ಅಷ್ಟೇ. ಆಮೇಲೆ ತಾಟು, ಆಮೇಲೆ ಹಾಸಿಗೆ, ಕೊನೆಗೆ ಹಬ್ಬದ ಅಡುಗೆ ಹೊತ್ತಿಗೆ "ನೀನು ಹೊರಗೆ ಕೂತ್ಕೊ ಅವ್ವ, ದಣಿದಿದ್ದೀಯ" ಅಂದರು. ಅಷ್ಟು ಮೆತ್ತಗೆ ಹೇಳಿದ ಮಾತಿಗೆ ಜಗಳ ಆಡೋದು ಹೇಗೆ?

ನಮ್ಮೂರಿನ ಹತ್ತಿರವೇ ಗುಳಿಗೆ ಸಿಗುತ್ತೆ. ಆದರೂ ಗುರುತಿನವರು ನೋಡ್ತಾರೆ ಅಂತ ವರ್ಷಗಟ್ಟಲೆ ಕಲಬುರಗಿಗೆ ಬಸ್ಸಿನಲ್ಲಿ ಬಂದೆ. ಡಬ್ಬಿಯ ಚೀಟಿ ಕಿತ್ತು ಹಾಕ್ತಿದ್ದೆ. ಅಲುಗಾಡಿದರೆ ಸದ್ದು ಬರುತ್ತೆ ಅಂತ ಒಳಗೆ ಹತ್ತಿ ತುರುಕ್ತಿದ್ದೆ. ಆ ಹೆಣ್ಣುಮಗಳು ಫೋನ್ ಎತ್ತುತ್ತಿಲ್ಲ ಅಂದರೆ ನನಗೆ ಭಯ ಆಗೋದು ಒಂದೇ ವಿಷಯಕ್ಕೆ: ಗುಳಿಗೆ ಬಿಟ್ಟಿರಬಾರದು. ಅಕ್ಕ, ಮೊದಲು ಅವರ ಮನೆಗೆ ಹೋಗಿ. ಸಭೆ ಆಮೇಲೆ.

ವಕೀಲ, ಆಳಂದ
ಕಾನೂನು ಇಷ್ಟಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕೆಲಸ, ಶಾಲೆ, ಆಸ್ಪತ್ರೆ, ಬಾಡಿಗೆ ಮನೆ, ಎಲ್ಲೂ ಭೇದ ಮಾಡುವಂತಿಲ್ಲ. ಅವರ ಒಪ್ಪಿಗೆ ಇಲ್ಲದೇ ವಿಷಯ ಹೊರಗೆ ಹಾಕುವಂತಿಲ್ಲ. ಹಾಗಾಗಿ ಕಾಕಾ, ಗಿರಾಕಿಗೆ ತಿಳಿಸೋಕೆ ಸಂಘಕ್ಕೆ ಹಕ್ಕೇ ಇಲ್ಲ. ದ್ವೇಷ ಹರಡುವ ಹಾಗೆ ಬರೆದರೆ 3 ತಿಂಗಳಿಂದ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ವಾಟ್ಸಾಪ್ ಸಂದೇಶದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆದರೆ ದೂರು ಕೊಡಬೇಕೋ ಬೇಡವೋ ಅವರೇ ಹೇಳಬೇಕು.

ಶಹಾಬಾದ್ ಕಾಕಾ
ರೊಟ್ಟಿಯಿಂದ ಬರಲ್ಲ ಅನ್ನೋದು ಒಪ್ಪಿದೆ. ಆದರೂ ಗಿರಾಕಿ ಮುಖ ನೋಡಿಯೇ ಕೇಳಿದರೆ ಇವರು ಏನು ಹೇಳಬೇಕು? ಸುಳ್ಳು ಹೇಳಬೇಕಾ?

ಸಮಾಲೋಚಕಿ, ಯಾದಗಿರಿ
ಸುಳ್ಳು ಬೇಡ ಕಾಕಾ. "ನಮ್ಮ ಹೆಣ್ಣುಮಕ್ಕಳ ಆರೋಗ್ಯದ ವಿಷಯ ನಾವು ಯಾರಿಗೂ ಹೇಳಲ್ಲ. ಅಡುಗೆ ಮನೆ ತೋರಿಸ್ತೀವಿ, ಬಂದು ನೋಡಿ" ಅಂದರೆ ಸಾಕು. ಸಭೆಗೆ ತಿಳಿದವರು ಬೇಕಾದರೆ ತಾಲೂಕು ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಸಮಾಲೋಚನೆ, ಪರೀಕ್ಷೆ ಮಾಡೋ ಕೇಂದ್ರದಲ್ಲಿ ಕೇಳಿ. ಫೋನಿನಲ್ಲಿ 1097, ದುಡ್ಡು ಬೀಳಲ್ಲ. ಯಾರ ಹೆಸರೂ ಎತ್ತದೇ ಎಲ್ಲರಿಗೂ ಅಂತ ಮಾತಾಡಿಸಿ.

ಸೇಡಂ ತೊಗರಿ
ಬೀದರಿನ ತಂಗಿ ಹೇಳಿದ್ದು ಓದಿದೆ. ಆರ್ಡರ್ ಚಿಂತೆ ನನಗೆ ಇನ್ನೂ ಇದೆ. ನಮ್ಮ ಮನೆ ಗೃಹಪ್ರವೇಶಕ್ಕೆ ರೊಟ್ಟಿ ಬೇಕು. ಅಕ್ಕ, ರೇಟ್ ಎಷ್ಟು ಅಂತ ನನಗೆ ಬೇರೆಯಾಗಿ ಕಳಿಸಿ.

ರೊಟ್ಟಿಮನೆ ಅಕ್ಕ, ಕಲಬುರಗಿ
ಕಳಿಸ್ತೀನಿ ಅಣ್ಣ. ಸಭೆ ಮುಂದೆ ಹಾಕಿದ್ದೇನೆ. ಸಂಜೆ ಅವರ ಮನೆಗೆ ಹೊರಟಿದ್ದೇನೆ, ಒಬ್ಬಳೇ. ಬೀದರ್ ತಂಗಿ, ಅವರು ಒಪ್ಪಿದರೆ ನಿಮ್ಮ ಜೊತೆ ಮಾತಾಡಿಸಬಹುದಾ?

ಬೀದರಿನವಳು
ಖಂಡಿತ ಅಕ್ಕ. ರಾತ್ರಿ ಒಂಬತ್ತರ ಮೇಲೆ ಮಾಡಿ. ಆಗ ಮನೆಯಲ್ಲಿ ಎಲ್ಲರೂ ಮಲಗಿರ್ತಾರೆ.